ಮಾಳಿಗೆಗೆ ಏರಿದ ಮಿಲ್ಲಿನ ಮಣ್ಣು

ಸುಮಾ, ಬಸು, ಶಾಲೆ ಆಗತಾನೆ ಶುರುವಾಗಿದೆಯೆಂದು ನೀವಿಬ್ಬರೂ ಹುಲಕೋಟಿಯಲ್ಲೇ ಉಳಿದಿರಿ. ಶಿರಹಟ್ಟಿಯಲ್ಲಿ ನನ್ನ ತಮ್ಮ ನಿಂಗಪ್ಪನ ಮಗಳು ರೇಣುಕಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಿಮ್ಮ ಅಜ್ಜಿ ನಾನೊಬ್ಬಳೇ ಹೋದೆ. ಹೇಗಾಯಿತು ಎಂದು ನೀವು ಫೋನಿನಲ್ಲಿ ಕೇಳಿದಾಗ ‘ಛಲೋ ಆತು’ ಎಂದುಬಿಟ್ಟೆ. ಛಲೋ ಆಗಲಿಲ್ಲ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಡೋಣಿಯಲ್ಲಿ ಬೆಳಗಿನ ಬಸ್ಸು ಹತ್ತಿದೆ. ಮುಂಡರಗಿಯಿಂದಲೇ ತುಂಬಿ ಬಂದಿತ್ತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಬಾಣಂತಿಗೆಂದು ಒಯ್ಯುತ್ತಿದ್ದ ಅಂಟಿನ ಉಂಡೆಯ ಡಬ್ಬಿಗೆ ಲಗೇಜಿನ ದುಡ್ಡು ಕೊಡಬೇಕೆಂದ ಕಂಡಕ್ಟರ್. ನಾನು ಸುಮ್ಮನೆ ಸೆರಗಿನ ಗಂಟು ಬಿಚ್ಚತೊಡಗಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, ಯಾರೋ ಏನೋ, ನನ್ನ ಪರವಾಗಿ ಮಾತಾಡಿದಳು: “ಉಂಡಿ ಹೆಣ್ಮಕ್ಕಳು ತಿನ್ನೂವು, ಅವಕ್ಕೂ ಪುಕ್ಕಟನ ಆಗತೈತಿ ಬಿಡಪಾ.” ಬಸ್ಸಿನವರೆಲ್ಲ ನಕ್ಕರು, ಕಂಡಕ್ಟರ್ ಮುಂದೆ ಹೋದ. ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳು ಜೋರಾಗಿ ತಿರುಗುತ್ತಿದ್ದವು. ಮಳೆ ಹತ್ತಿರ ಬಂದಿತ್ತು.

ಗದಗಿನಲ್ಲಿ ಇಳಿದು ಆಟೋ ಹಿಡಿದು ಬೆಟಗೇರಿಯ ನನ್ನ ತಂಗಿ ಶಾಂತವ್ವನ ಮನೆಗೆ ಹೋದೆ. ಒಂದು ಸೀರೆ ಕೊಂಡು, ಆ ರಾತ್ರಿ ಉಳಿದು, ಮರುದಿನ ಮುಂದೆ ಹೋಗುವುದೆಂದಿತ್ತು. ಶಾಂತವ್ವನ ಹಿತ್ತಲಿಗೆ ಹತ್ತಿಕೊಂಡೇ ನೂಲಿಗೆ ಬಣ್ಣ ಹಾಕುವ ಹಳೆಯ ಮಿಲ್ಲಿದೆ. ಅದು ಮುಚ್ಚಿ ಎಷ್ಟೋ ವರ್ಷಗಳಾದವು. ತಗಡು, ಬಾಗಿಲು, ಕಿಟಕಿಯ ಸರಳು ಎಲ್ಲವನ್ನೂ ಕಂಡವರು ಒಯ್ದಿದ್ದಾರೆ. ಗೋಡೆಗಳು ಮತ್ತು ಹೊಗೆಯ ಕೊಳವೆ ನಿಂತಿವೆ. ಈಗ ಆ ಜಾಗದಲ್ಲಿ ಕಾಯಿಪಲ್ಲೆಯ ಮಾರುಕಟ್ಟೆ ಕಟ್ಟುತ್ತಾರಂತೆ. ರಸ್ತೆಯ ಅಂಚಿಗೆ ಕೂತು ಬದನೆಕಾಯಿ ಮಾರುವ ಶಾಂತವ್ವನಿಗೆ ಅಲ್ಲೊಂದು ಕಟ್ಟೆ ಸಿಕ್ಕೀತೆಂಬ ಆಸೆ. ಕಟ್ಟುವ ಮೊದಲು ಮೇಲಿನ ಮಣ್ಣನ್ನು ತೆಗೆಯುತ್ತಿದ್ದರು. ಟಿಪ್ಪರುಗಳು ಬರುತ್ತಿದ್ದವು, ತುಂಬಿಕೊಂಡು ಹೋಗುತ್ತಿದ್ದವು.

ನಿಮ್ಮ ಮನೆ ಆರ್‌ಸಿಸಿಯದು, ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಮಾಳಿಗೆ ಮಣ್ಣಿನದು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ದಪ್ಪಗೆ ಮಣ್ಣು. ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಅದರ ಮೇಲೊಂದು ಪದರು ಸವುಳು, ಅಂದರೆ ಉಪ್ಪಿನ ಮಣ್ಣು ಹಾಕಿ ತುಳಿಯಬೇಕು. ಸವುಳಿನಲ್ಲಿ ಹುಲ್ಲು ಹುಟ್ಟುವುದಿಲ್ಲ. ಹುಲ್ಲು ಹುಟ್ಟಿದರೆ ಅದರ ಬೇರು ಹಿಡಿದು ನೀರು ಇಳಿದು ಮನೆ ಸೋರುತ್ತದೆ. ಹೀಗಾಗಿ ಎಲ್ಲಿ ಏನೂ ಬೆಳೆಯುವುದಿಲ್ಲವೋ ಆ ನೆಲ ಕಂಡರೆ ನಮ್ಮ ಜನಕ್ಕೆ ಪ್ರೀತಿ. ಮಿಲ್ಲಿನ ಅಂಗಳವಂತೂ ಬೆಳ್ಳಗೆ ಹೊಪ್ಪಳೆ ಎದ್ದು ಬಿದ್ದಿತ್ತು. ಅಷ್ಟಗಲ ಜಾಗದಲ್ಲಿ ಒಂದು ಗರಿಕೆ ಎಸಳಿಲ್ಲ.

ಹಿತ್ತಲ ಗೋಡೆಯ ಮೇಲಿಂದ ನೋಡಿ ನಾನೂ ಅಂದೆ: “ಎಷ್ಟ ಛಲೋ ಮಣ್ಣ ಶಾಂತಾ, ಮಾಳಿಗಿಗೆ ಇಂಥಾದ್ದು ಸಿಗಬೇಕು.”

“ನಿಂಗ್ಯಾ ನಿನ್ನಕಿಂತ ಶಾಣ್ಯಾ ಅದಾನ,” ಎಂದಳು ಶಾಂತವ್ವ. “ಹೋದ ವಾರನ ಟ್ರ್ಯಾಕ್ಟರ್ ತಂದು ತುಂಬಿಸ್ಕೊಂಡು ಹೋದ. ಪುಕ್ಕಟ ಕೊಡಾಕತ್ತಾರ.”

ಗೋಡೆಯ ಆಚೆ ಒಬ್ಬ ಹುಡುಗಿ ಕೂತು ಸಣ್ಣ ಚೀಲಗಳಲ್ಲಿ ಮಣ್ಣು ತುಂಬುತ್ತಿದ್ದಳು. ಕೈಗೆ ರಬ್ಬರಿನ ಗವಸು, ಬಾಯಿಗೆ ಬಟ್ಟೆ. ನಮ್ಮ ಮಾತು ಕೇಳಿ ಎದ್ದು ಬಂದಳು. “ಅಮ್ಮಾರ, ಯಾರ ಮನಿ ಮಾಳಿಗಿಗೆ ಹಾಕ್ಯಾರಂದ್ರಿ? ಇದು ಸವುಳಲ್ಲರಿ, ಬಣ್ಣದ ವಿಷ. ಇಷ್ಟ ವರ್ಷ ಬಣ್ಣದ ನೀರು ಇಲ್ಲೇ ಇಂಗೈತಿ. ಅದಕ್ಕ ಹುಲ್ಲು ಹುಟ್ಟಿಲ್ಲ. ಧೂಳು ಕುಡಿಬಾರದು, ಮೈಗೆ ಹತ್ತಬಾರದು. ಸಣ್ಣ ಹುಡುಗರು ಇದ್ದ ಮನ್ಯಾಗಂತೂ ಬ್ಯಾಡೇಬ್ಯಾಡ.”

ನಿಂಗಪ್ಪನ ಪಡಸಾಲೆಯ ಜಂತಿಗಳು ಹಳೆಯವು, ಅವುಗಳ ಸಂದಿನಿಂದ ಸದಾ ಮಣ್ಣು ಉದುರುತ್ತದೆ. ತೊಟ್ಟಿಲು ಕಟ್ಟುವುದು ಅದರ ಕೆಳಗೇ.

“ವಿಷ ಅಂತ ಗೊತ್ತಿದ್ದು ಯಾಕ ಕೊಡಾಕತ್ತೀರಿ?” ಎಂದು ಶಾಂತವ್ವ ಕೇಳಿದಳು.

“ನಾವು ಪರೀಕ್ಷಾ ಮಾಡೋರಷ್ಟರಿ. ದೂರ ಒಯ್ದು ತಗ್ಗು ತೆಗೆದು ಹುಗೀಬೇಕಂತ ಬರದು ಕೊಟ್ಟೀವಿ. ಒಯ್ಯೋರು ಗುತ್ತಿಗೆದಾರರು.”

ಗೇಟಿನ ಹತ್ತಿರ ಗುತ್ತಿಗೆದಾರನ ಮನುಷ್ಯನಿದ್ದ. ಶಾಂತವ್ವನೇ ಹೋಗಿ ಕೇಳಿದಳು, ನಾನು ಹಿಂದೆ ನಿಂತೆ. ಅವನು ಅಂದ, “ಜನ ಬೇಡಿ ಒಯ್ತಾರ, ನಾವೇನು ಮನೀಗೆ ಹೋಗಿ ಸುರುವೀವೇನು?” ನಾವು ಹೊರಳಿದ ಮೇಲೆ ಶಾಂತವ್ವನ ದನಿಯೇ ಬದಲಾಯಿತು. “ಅಕ್ಕಾ, ನೀ ಇದನ್ನ ದೊಡ್ಡದು ಮಾಡಬ್ಯಾಡ. ಗಲಾಟಿ ಆತಂದ್ರ ಮಾರ್ಕೆಟ್ ನಿಲ್ಲತೈತಿ. ನಿಂಗ್ಯಾಗ ಅಷ್ಟ ಹೇಳು.” ನನಗೆ ಸಿಟ್ಟು ಬಂತು. ಅದೇ ನೆಲದ ಮೇಲೆ ಇವಳು ಬದನೆಕಾಯಿ ಹರವಿಕೊಂಡು ಕೂರುವವಳು.

ನಿಂಗಪ್ಪನಿಗೆ ಫೋನು ಮಾಡಿದೆ. “ಬಾ ಅಕ್ಕಾ, ಬಂದ ಮ್ಯಾಲ ಮಾತಾಡೋಣು,” ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮರುದಿನ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಶಿರಹಟ್ಟಿಯ ಬಸ್ಸು ಕೆಟ್ಟು ನಿಂತಿತ್ತು. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ “ಬರತೈತಿ” ಎಂದರು. ಯಾವಾಗ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಬಿಸಿಲು ಏರಿತು. ಕೊನೆಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ, ಅಲ್ಲಿಂದ ಶಿರಹಟ್ಟಿ ಹತ್ತಿರವೇ. ಲಕ್ಷ್ಮೇಶ್ವರದಲ್ಲಿ ಚಹಾ ಕುಡಿದು ಒಂದು ಟಂಟಂ ಆಟೋ ಹತ್ತಿ ಕೂತೆ. ತುಂಬುವ ತನಕ ಬಿಡುವುದಿಲ್ಲವೆಂದ ಡ್ರೈವರ್. ತುಂಬಿತು. ಆಮೇಲೂ ಬಿಡಲಿಲ್ಲ, ಇನ್ನಿಬ್ಬರು ಬೇಕಂತೆ. ಆ ಹೊತ್ತಿಗೆ ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಮಳೆ ಬಿದ್ದರೆ ಆ ಮಣ್ಣೆಲ್ಲ ಕಲಸಿ ಗೋಡೆಗೆ, ನೆಲಕ್ಕೆ ಇಳಿಯುತ್ತದಲ್ಲ ಎಂಬುದೊಂದೇ ಯೋಚನೆ ನನಗೆ.

ಮಧ್ಯಾಹ್ನ ಇಳಿದು ನಡೆದು ಹೋದಾಗ ಮಾಳಿಗೆ ದೂರದಿಂದಲೇ ಬೆಳ್ಳಗೆ ಕಂಡಿತು. ನಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. “ನೋಡ ಅಕ್ಕಾ, ಹೆಂಗ ಆಗೈತಿ. ನಮ್ಮಪ್ಪ ಸವುಳು ಮಣ್ಣಿಗೆ ಚಕ್ಕಡಿ ಹೂಡಿ ಎಲ್ಲೆಲ್ಲಿಗೆ ಹೊಕ್ಕಿದ್ದ. ನನಗ ಒಂದ ದಿನದಾಗ ಪುಕ್ಕಟ ಬಂತು.”

ನಾನು ಹುಡುಗಿ ಹೇಳಿದ್ದನ್ನು ಹೇಳಿದೆ. ಅವನು ನಕ್ಕ. “ಆ ಹುಡುಗಿ ಮನಿ ಆರ್‌ಸಿಸಿ ಇರತೈತಿ. ಆಕಿಗೆ ಮಾಳಿಗಿ ಮಣ್ಣ ಏನ್ ಗೊತ್ತು? ಹುಲ್ಲು ಹುಟ್ಟಂಗಿಲ್ಲಂದ್ರ ಆತು.”

“ತಮ್ಮಾ, ಹುಲ್ಲು ಸಾಯೋ ಮಣ್ಣಿನ ಕೆಳಗ ಕೂಸು ಮಲಗಸ್ತೀಯೇನು?”

“ನೀನು ಕೂಸು ಹಡದಿದ್ದು ಎಂಥಾ ಮಾಳಿಗಿ ಕೆಳಗ? ಸತ್ತುವೇನು?”

ಅವನ ಮುಂದೆ ಮಾತು ಹೆಚ್ಚಿಸಲು ನನಗೆ ಯಾವತ್ತೂ ಆಗಿಲ್ಲ. ಒಳಗೆ ಹೋದೆ. ರೇಣುಕಾ ಕೂಸಿಗೆ ಹಾಲು ಕುಡಿಸುತ್ತಿದ್ದಳು. ತೊಟ್ಟಿಲಿಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಜಂತಿಯಿಂದ ಉದುರಿದ ಪುಡಿ ಬಿದ್ದಿತ್ತು. ಅದನ್ನು ಬೆರಳಲ್ಲಿ ತೋರಿಸಿ ಎಲ್ಲವನ್ನೂ ಅವಳ ಕಿವಿಗೆ ಹೇಳಿದೆ. ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು, ತಂದೆಯ ಎದುರಿನಿಂದಲೇ ಹಾದು ಪಕ್ಕದ ಮೌಲಾಸಾಬರ ಮನೆಗೆ ಹೋದಳು. ಮೌಲಾಸಾಬರದು ಟ್ರ್ಯಾಕ್ಟರ್ ಬಾಡಿಗೆ, ಮನೆಗೆ ಸಿಮೆಂಟಿನ ಸೂರು. ನಿಂಗಪ್ಪನ ಮಣ್ಣು ತಂದದ್ದೂ ಅವರ ಟ್ರ್ಯಾಕ್ಟರಿನಲ್ಲೇ.

“ಬಾಣಂತಿ ಹೊಸಲಿ ದಾಟಿ ಎಲ್ಲಿ ಹೊಂಟಿಬೇ?” ಎಂದ ನಿಂಗಪ್ಪ.

“ಮಾಳಿಗಿ ಮಣ್ಣ ಇಳಿಸಿದಾಗ ಬರ್ತೀನಪ್ಪಾ. ನಾಳಿ ತೊಟ್ಟಿಲ ಅಲ್ಲೇ.”

ಮರುದಿನ ತೊಟ್ಟಿಲು ಅಲ್ಲೇ ಆಯಿತು. ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ನಿಂಗಪ್ಪನ ಮನೆಗೆ ಬಂದು, ಅಲ್ಲಿಂದ ಪಕ್ಕದ ಮನೆಗೆ ಹೋಗಿ, “ಯಾಕ ಇಲ್ಲಿ?” ಎಂದು ಕೇಳಿದರು. ರೇಣುಕಾ ಒಬ್ಬೊಬ್ಬರಿಗೂ ಹೇಳಿದಳು. ಮೌಲಾಸಾಬರ ಹೆಂಡತಿ ತನ್ನ ಹೊಸ ಚಾದರವನ್ನೇ ಹಾಸಿ ಎಲ್ಲರಿಗೂ ಚಹಾ ಕೊಟ್ಟಳು. ಕೂಸಿಗೆ ಈರವ್ವ ಎಂದು ಹೆಸರಿಟ್ಟೆವು. ನಿಂಗಪ್ಪ ಬರಲಿಲ್ಲ, ಉಣ್ಣಲೂ ಇಲ್ಲ. ಮೊದಲ ಮೊಮ್ಮಗಳ ತೊಟ್ಟಿಲು ಬೇರೆಯವರ ಮನೆಯಲ್ಲಿ ತೂಗಿತೆಂದು ಅವನಿಗೆ ಊರಿಗೆ ಮುಖ ತೋರಿಸಲು ಆಗದ ಹಾಗಾಗಿತ್ತು. ಜನ ಹೋದ ಮೇಲೆ ಮಾಳಿಗೆಯ ಮೇಲೆ ನಿಂಗಪ್ಪನ ಸಲಿಕೆಯ ಸದ್ದು ಕೇಳಿತು. ನಾವು ಹೆಂಗಸರು ಕೆಳಗೆ ನೀರು ಚಿಮುಕಿಸಿದೆವು, ಧೂಳು ಏಳದಿರಲೆಂದು. ಇಳಿಯುವ ತನಕ ಅವನು ನನ್ನನ್ನು ಬಯ್ಯುತ್ತಲೇ ಇದ್ದ. “ಮಳಿ ಬಂದು ಮನಿ ಬಿದ್ರ ಡೋಣಿಗೆ ಬರ್ತೀವಿ ಎಲ್ಲಾರೂ, ರೊಟ್ಟಿ ಬಡಿ.”

ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಟ್ರ್ಯಾಲಿಗೆ ತುಂಬಿದ ಮಣ್ಣನ್ನು ಎಲ್ಲಿ ಹಾಕುವುದು? ನಿಂಗಪ್ಪ ಹಳ್ಳಕ್ಕೆ ಎಂದ. ಊರಿನ ದನವೆಲ್ಲ ನೀರು ಕುಡಿಯುವುದು ಆ ಹಳ್ಳದಲ್ಲೇ. ಹೊಲದ ಬದುವಿಗೆ ಎಂದ. ಬದುವಿನ ಆಚೆಯ ಹೊಲದವನು ಅಡ್ಡ ಬಂದ. ಮೌಲಾಸಾಬರು ತಲೆ ಕೆರೆದುಕೊಂಡರು. “ತರೋದಕ್ಕ ಊರೆಲ್ಲಾ ಸಾಲು ನಿಂತಿತ್ತು, ಒಯ್ಯೋದಕ್ಕ ಒಂದ ಗೇಣು ಜಾಗಾ ಇಲ್ಲ ನೋಡ್ರಿ.”

ನಾನು ಮೆಲ್ಲಗೆ ಅಂದೆ, “ತಂದಲ್ಲಿಗೇ ಒಯ್ಯೋಣರಿ. ನಂಗೂ ಅದ ದಾರಿ.”

ಹೀಗೆ ಮರುದಿನ ಬೆಳಿಗ್ಗೆ ನಿಮ್ಮ ಅಜ್ಜಿ ಟ್ರ್ಯಾಕ್ಟರಿನ ಗಾಲಿಯ ಮೇಲಿನ ತಗಡಿನ ಮೇಲೆ ಕೂತು, ಒಂದು ಕೈಯಲ್ಲಿ ಖಾಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಸರಳು ಹಿಡಿದು ಗದಗಿನ ಕಡೆಗೆ ಹೊರಟಳು. ಹಿಂದೆ ತಾಡಪತ್ರಿ ಮುಚ್ಚಿದ ಮಣ್ಣು. ಎದುರು ಬಂದವರೆಲ್ಲ ನೋಡುತ್ತಿದ್ದರು. ನಾನು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡೆ. ಮೂಳೆಗಳೆಲ್ಲ ಸಡಿಲಾದವು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಮೌಲಾಸಾಬರು ಮಂಡಕ್ಕಿ ಮಿರ್ಚಿ ಕೊಡಿಸಿದರು.

ಬೆಟಗೇರಿಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಮಾಡಿದ. “ಹೊರಗ ಹೋಗೋ ಮಣ್ಣಿಗೆ ಚೀಟಿ ಐತಿ. ಒಳಗ ಬರೋದಕ್ಕ ಚೀಟಿ ಇಲ್ಲ.”

“ನಿಮ್ಮ ಮಣ್ಣ ಮಾರಾಯಾ, ವಾಪಸ್ ತಂದೀವಿ,” ಎಂದರು ಮೌಲಾಸಾಬರು.

ಅದೇ ಗುತ್ತಿಗೆದಾರನ ಮನುಷ್ಯ ಬಂದ. ತಾಡಪತ್ರಿ ಎತ್ತಿ ನೋಡಿ, “ಇದು ನಮ್ದ ಅನ್ನಾಕ ಏನ್ ಗುರ್ತು? ಎಲ್ಲಿಂದೋ ತಂದು ನಮ್ಮ ತಲಿಗೆ ಕಟ್ಟಬ್ಯಾಡ್ರಿ,” ಎಂದ.

ಗಂಡಸರ ಎದುರು ನಾನು ದನಿ ಎತ್ತಿದವಳಲ್ಲ, ಅವತ್ತೂ ಎತ್ತಲಿಲ್ಲ. ಆದರೆ ಮಾತು ಬಂತು. “ಒಂದು ಹಿಡಿ ಜ್ವಾಳ ಊರ್ರಿ. ಹುಟ್ಟಿದ್ರ ನಮ್ಮ ಮಣ್ಣ, ಹುಟ್ಟದಿದ್ರ ನಿಮ್ಮದು.”

ಮೌಲಾಸಾಬರು ಬಿದ್ದು ಬಿದ್ದು ನಕ್ಕರು. ಆ ಮನುಷ್ಯ ನಗಲಿಲ್ಲ. “ಹುಟ್ಟೋ ತನಕ ಇಲ್ಲೇ ಕುಂತಿರಬೇ ಯವ್ವಾ,” ಎಂದು ಒಳಗೆ ಹೋದ. ಕುಳಿತೆವು. ಬಿಸಿಲು ಇಳಿಯುವವರೆಗೂ ಯಾರೂ ಬರಲಿಲ್ಲ. ಶಾಂತವ್ವ ಮೂಲೆಯಿಂದ ಇಣುಕಿ ನೋಡಿ, ಕಂಡೂ ಕಾಣದವಳಂತೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ತಂಬಿಗೆ ನೀರು ತಂದಿಟ್ಟು ಮತ್ತೆ ಹೋದಳು. ಕೊನೆಗೆ ಮೌಲಾಸಾಬರು ಎದ್ದು, “ಅಕ್ಕಾರ, ಬಾಜು ಸರೀರಿ” ಎಂದು ಟ್ರ್ಯಾಲಿಯನ್ನು ಗೇಟಿಗೆ ಹಿಂದಾಗಿ ಹಚ್ಚಿ ಮಣ್ಣನ್ನು ಅಲ್ಲೇ, ಗೇಟಿನ ನಟ್ಟನಡುವೆ ಸುರಿದುಬಿಟ್ಟರು. ಒಳಗೆ ತುಂಬಿ ನಿಂತಿದ್ದ ಟಿಪ್ಪರುಗಳಿಗೆ ಹೊರಗೆ ಬರಲು ದಾರಿ ಇಲ್ಲವಾಯಿತು. ಆಗ ಅವರದೇ ಜೆಸಿಬಿ ಬಂದು ಒಂದು ಹಿಡಿಯೂ ಬಿಡದೆ ಒಳಗೆ ಎಳೆದುಕೊಂಡಿತು. ಅಷ್ಟು ಸಣ್ಣ ಕೆಲಸಕ್ಕೆ ಒಂದು ದಿನ.

ಆ ರಾತ್ರಿ ಶಾಂತವ್ವನ ಮನೆಯಲ್ಲಿ ಉಂಡು ಮಲಗಿದೆ. ಬೆಳಿಗ್ಗೆ ಮುಂಡರಗಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಇನ್ನು ಮನೆ ಸೇರಿದರೆ ಸಾಕೆನಿಸಿತ್ತು. ಊರು ದಾಟಿದ ಮೇಲೆ ನಮ್ಮ ಮುಂದೆ ಒಂದು ಟಿಪ್ಪರು ಹೋಗುತ್ತಿರುವುದು ಕಂಡಿತು. ಮೇಲೆ ಹೊದಿಕೆಯಿಲ್ಲ. ಅದರಿಂದ ಬೆಳ್ಳನೆಯ ಪುಡಿ ಹಾರಿ ಬಸ್ಸಿನೊಳಗೆ ಬಂತು. “ಕಿಡಕಿ ಹಾಕ್ಕೋರಿ,” ಎಂದ ಕಂಡಕ್ಟರ್. ಎಲ್ಲರೂ ಹಾಕಿಕೊಂಡರು.

ಅರ್ಧ ದಾರಿಯಲ್ಲಿ ಆ ಟಿಪ್ಪರು ಎಡಕ್ಕೆ ಒಂದು ಹಳ್ಳಿಯ ರಸ್ತೆಗೆ ತಿರುಗಿತು. ಊರಿನ ಅಗಸಿಬಾಗಿಲಿನ ಆಚೆ ಸಾಲಾಗಿ ಮಣ್ಣಿನ ಮಾಳಿಗೆಗಳು ಕಂಡವು. ಜನ ಬುಟ್ಟಿ ಹಿಡಿದು ನಿಂತಿದ್ದರು.

ಆ ಊರಿನಲ್ಲಿ ನನಗೆ ಯಾರೂ ಗೊತ್ತಿಲ್ಲ. ಒಂದು ಬಾರಿಯೂ ಇಳಿದವಳಲ್ಲ. “ನಿಲ್ಲಸಪಾ,” ಎಂದೆ.

“ಡೋಣಿ ಇನ್ನೂ ಮುಂದೈತಲ್ಲವಾ,” ಎಂದ ಕಂಡಕ್ಟರ್.

“ಗೊತ್ತೈತಿ. ನಿಲ್ಲಸು.”

ಬಸ್ಸು ನನ್ನನ್ನು ಇಳಿಸಿ ಹೋಯಿತು. ನಡೆದು ಹೋಗುವಷ್ಟರಲ್ಲಿ ಮಣ್ಣು ಸುರಿದು ಆಗಿತ್ತು, ಮೊದಲ ಬುಟ್ಟಿ ಏಣಿ ಏರುತ್ತಿತ್ತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನು ಡಬ್ಬಿಯನ್ನು ಕೆಳಗಿಟ್ಟು, ನಿಂಗಪ್ಪನಿಗೆ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿದೆ. ಎರಡು ಮನೆಯವರು ಬುಟ್ಟಿ ಇಳಿಸಿದರು. ಉಳಿದವರು ಇಳಿಸಲಿಲ್ಲ. ಏಣಿಯ ಮೇಲಿದ್ದವನು, “ಹುಲ್ಲು ಹುಟ್ಟಂಗಿಲ್ಲಂದ್ರ ಆತಬೇ,” ಎಂದು ಮೇಲೆ ಹೋದ.

ಸುಮಾ, ಬಸು, ಈ ಹಾಳೆಗಳನ್ನು ಪುಸ್ತಕಗಳ ನಡುವೆ ಜೋಪಾನವಾಗಿಡಿ, ಒಲೆಗೆ ಹಾಕಲು ಕೊಡಬೇಡಿ. ನಾನು ಒಂದೇ ಟಿಪ್ಪರಿನ ಬೆನ್ನು ಹತ್ತಿದೆ. ಉಳಿದವು ಯಾವ ಯಾವ ಊರಿಗೆ ಹೋದವೋ ನನಗೆ ಗೊತ್ತಿಲ್ಲ. ನೀವು ದೊಡ್ಡವರಾಗಿ ನಮ್ಮ ಕಡೆ ಓಡಾಡುವಾಗ, ಮಾಳಿಗೆ ಹಳೆಯದಾಗಿ ಕೆಡವುವ ಮನೆ ಯಾವುದಾದರೂ ಕಂಡರೆ, ಆ ಮಣ್ಣನ್ನು ಹೊಲಕ್ಕೆ ಚೆಲ್ಲುವ ಮೊದಲು ಅವರಿಗೆ ಇದನ್ನು ಓದಿ ಹೇಳಿ.