ಕನ್ನಡದಲ್ಲಿ ವಿವರಿಸಿದ್ದೇನೆ

ನನಗೆ ನನ್ನ ಕನ್ನಡದ ಬಗ್ಗೆ ಸೊಕ್ಕು. ಮುಚ್ಚಿಟ್ಟು ಏನು ಮಾಡಲಿ, ಇದ್ದದ್ದು ಇದ್ದಂತೆ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ನಮ್ಮ ಕಲಬುರಗಿಯ ಜಗತ್ ವೃತ್ತದ ಅಂಗಡಿಗಳ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಸ್ಕೂಟಿ ನಿಲ್ಲಿಸಿ, ಒಳಗೆ ಹೋಗಿ, ಮಾಲೀಕರಿಗೆ ತಿಳಿಸಿ ಬರುತ್ತೇನೆ. ಒಮ್ಮೆ ಒಬ್ಬ ಬಟ್ಟೆ ಅಂಗಡಿಯವರು ಕೈಮುಗಿದು, 'ಮೇಡಮ್ಮೋರ, ಬೋರ್ಡ್ ಬರೆಸಾಕ ಕೊಟ್ಟ ರೊಕ್ಕ ನೀವ್ ಕೊಡ್ತೀರೇನ್ರೀ?' ಎಂದು ಕೇಳಿದ್ದರು. ನಾನು ಕೊಡಲಿಲ್ಲ. ತಿದ್ದಿ ಮಾತ್ರ ಬಂದೆ. ಇಂಥವಳ ಕೈಗೆ ಬ್ಯಾಂಕಿನವರು ಒಂದು ಪೆನ್ನು ಕೊಟ್ಟರೆ ಏನಾಗುತ್ತದೆ ಎನ್ನುವುದೇ ಈ ಕತೆ.

ನನ್ನ ತಾಯಿಯ ತಂಗಿ, ನನ್ನ ಚಿಗವ್ವ, ಕಮಲಾಪುರದಲ್ಲಿದ್ದಾಳೆ. ಗಂಡ ತೀರಿಕೊಂಡ ಮೇಲೆ ಹೈವೇ ಪಕ್ಕದಲ್ಲಿ ತಾಡಪತ್ರಿ ಕಟ್ಟಿಕೊಂಡು ನಮ್ಮ ಕಡೆಯ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಬೆಳಿಗ್ಗೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಾಳೆ. ಅವಳಿಗೆ ಒಂದೇ ಒಂದು ಆಸೆ. ಮೇಲೆ ಗಟ್ಟಿ ಛಾವಣಿ, ಮುಂದೆ ಬೋರ್ಡು ಇರುವ ಸ್ವಂತ ರೊಟ್ಟಿ ಅಂಗಡಿ. ಅದಕ್ಕೆಂದೇ ವರ್ಷಗಟ್ಟಲೆ ಕೂಡಿಟ್ಟ ಗಂಟು ಬ್ಯಾಂಕಿನಲ್ಲಿತ್ತು. ಆ ಗಂಟಿಗೆ ಇನ್ನಷ್ಟು ಬಡ್ಡಿ ಹುಟ್ಟೀತೇನೋ ಎಂದು ಕೇಳಲು ಕಲಬುರಗಿಗೆ ಬಂದು, ನನ್ನನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋದಳು. ಓದಿದವಳು ಒಬ್ಬಳು ಜೊತೆಗಿರಲಿ ಎಂದು!

ಬ್ಯಾಂಕಿನ ಅಧಿಕಾರಿ ನಗುಮುಖದವರು. ಚಹಾ ತರಿಸಿದರು. ಠೇವಣಿಯಲ್ಲಿ ಏನೂ ಇಲ್ಲ ರೀ, ಇದರಲ್ಲಿ ವಿಮೆಯೂ ಇದೆ, ಬೆಳೆಯುವುದೂ ಇದೆ ಎಂದು ಹೊಳೆಯುವ ಕಾಗದವೊಂದನ್ನು ಮುಂದಿಟ್ಟರು. ಅದರಲ್ಲಿ ಒಂದು ಸಂಸಾರ ಹಲ್ಲು ಕಾಣುವಂತೆ ನಗುತ್ತಿತ್ತು. ಉಳಿದದ್ದೆಲ್ಲ ಇಂಗ್ಲಿಷು, ಅದೂ ಇರುವೆ ಸಾಲಿನಷ್ಟು ಸಣ್ಣದು. ಚಿಗವ್ವ ಕನ್ನಡದಲ್ಲಿ ಸಹಿ ಮಾಡಿದಳು. ಆಗ ಅಧಿಕಾರಿ ಫಾರ್ಮನ್ನು ನನ್ನ ಕಡೆ ತಿರುಗಿಸಿದರು.

'ಮೇಡಮ್, ಇವ್ರು ಕನ್ನಡದಾಗ ಸಹಿ ಮಾಡ್ಯಾರಲ್ರೀ, ಅದಕ್ಕ ತಿಳಿಸಿ ಹೇಳಿದೋರು ಇಲ್ಲಿ ಒಂದು ಸಹಿ ಮಾಡಬೇಕು. ನೀವು ಕನ್ನಡ ಟೀಚರ್ ಅಂದ್ಮ್ಯಾಲ ನಮಗ ಚಿಂತಿನೇ ಇಲ್ಲ.'

ನೋಡಿದೆ. ಈ ಫಾರ್ಮಿನಲ್ಲಿರುವುದನ್ನೆಲ್ಲ ಗ್ರಾಹಕರಿಗೆ ಇಂಥ ಭಾಷೆಯಲ್ಲಿ ವಿವರಿಸಿದ್ದೇನೆ, ಅವರು ಅರ್ಥಮಾಡಿಕೊಂಡಿದ್ದಾರೆ ಎಂದಿತ್ತು. ಭಾಷೆಯ ಹೆಸರಿಗೆ ಜಾಗ ಖಾಲಿ. ಇಂಗ್ಲಿಷ್ ಫಾರ್ಮೊಂದು ನನ್ನ ಭಾಷೆ ಯಾವುದೆಂದು ಕೇಳುತ್ತಿದೆಯಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, 'ಕನ್ನಡ' ಎಂದು ದುಂಡಾಗಿ, ಎರಡು ನಕಾರಗಳೂ ಮುತ್ತಿನಂತೆ ಕಾಣುವ ಹಾಗೆ ಬರೆದೆ. ಸಹಿ ಹಾಕಿದೆ. ಆಮೇಲೆ ಚಿಗವ್ವ ಕೇಳಿದಳು. ಹೌದು, ಆಮೇಲೆ!

'ಏನಂತದು, ಹೇಳು ನೋಡೂಣು.'

ನಾನು ಅಧಿಕಾರಿಯ ಮುಖ ನೋಡಿದೆ. ಅವರು, 'ಮಾರ್ಕೆಟ್‌ಗೆ ಲಿಂಕ್ ಅದ ರೀ' ಎಂದರು. ನಾನು ತಡ ಮಾಡದೆ ಅಚ್ಚ ಕನ್ನಡಕ್ಕೆ ತಿರುಗಿಸಿದೆ. 'ನಿನ್ನ ರೊಕ್ಕ ಬಜಾರಕ್ಕ ಗಂಟು ಹಾಕ್ತಾರ ಚಿಗವ್ವ. ಬಜಾರ ಏರಿದ್ರ ಏರ್ತದ, ಇಳಿದ್ರ ಇಳೀತದ.'

'ಅಷ್ಟೇನಾ? ಅದು ನನಗ ಗೊತ್ತದ ತಗೋ' ಎಂದಳು ಚಿಗವ್ವ. ಚಹಾ ಇನ್ನೂ ಬಿಸಿಯಿತ್ತು.

ಅವಳಿಗೆ ಏನು ಗೊತ್ತಿತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬಜಾರ ಏರಿತು, ಬಜಾರ ಬಿತ್ತು ಎಂದರೆ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ತೊಗರಿಯ ದರ ಏರಿತು, ಬಿತ್ತು ಎಂದೇ ಅರ್ಥ. ಹೊಲದವರು, ದಲಾಲರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಎಲ್ಲರೂ ಕೇಳುವುದು ಅದನ್ನೇ. ಹೊಲವಿಲ್ಲದ, ಕಿರಾಣಿ ಅಂಗಡಿಯಿಂದ ಬೇಳೆ ತಂದು ತಿನ್ನುವ ನಾನು ಆ ಹೊತ್ತಿನಲ್ಲಿ ಅದನ್ನು ಪೂರ್ತಿ ಮರೆತಿದ್ದೆ.

ಅದಾದ ಮೇಲೆ ಬಂತು ನೋಡಿ ನಮ್ಮ ಸುಗ್ಗಿ. ಆ ವರ್ಷ ತೊಗರಿ ಏರತೊಡಗಿತು. ಚಿಗವ್ವ ದಿನಾ ಫೋನು ಮಾಡತೊಡಗಿದಳು. 'ಏ ಯವ್ವಾ, ಇವತ್ತ ಬಜಾರ ಮತ್ತ ಏರ್ಯಾದ ಕೇಳಿದ್ಯಾ?' ನಾನು, 'ಅಯ್ಯೋ ಏನು ಹೇಳ್ತಿ, ಬ್ಯಾಳಿ ಕೊಳ್ಳಾಕ ಆಗವಲ್ದು' ಎಂದು ಗೋಳಾಡಿದರೆ ಅವಳು ಆ ಕಡೆ ಕಿಲಕಿಲ ನಗುತ್ತಿದ್ದಳು. ನನ್ನ ಗೋಳಿಗೆ ಇವಳಿಗೇಕೆ ಇಷ್ಟು ನಗು ಎಂದು ನನಗೆ ಸಿಟ್ಟೂ ಬರುತ್ತಿತ್ತು. ದರ ಜೋರಾಗಿ ಏರಿದ ವಾರ ಜೇವರ್ಗಿ ಕಾಲೋನಿಯ ನನ್ನ ಮನೆಗೆ ಒಂದು ಗೊನೆ ಕೆಂಪು ಬಾಳೆಹಣ್ಣು ಬರುತ್ತಿತ್ತು. 'ಯಾಕ ಚಿಗವ್ವ?' ಎಂದರೆ, 'ತಿನ್ನು ಸುಮ್ಮ, ಖುಷಿ ಅದ' ಎನ್ನುತ್ತಿದ್ದಳು. ನಾನು ಸುಮ್ಮನೆ ತಿಂದೆ. ಸಿಪ್ಪೆ ಸುಲಿದು ಸುಲಿದು ತಿಂದೆ. ಒಂದು ಸಲವಾದರೂ ಯಾವ ಖುಷಿ ಎಂದು ಕೇಳಿದ್ದರೆ!

ಅಷ್ಟರಲ್ಲಿ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಖಾಲಿಯಾಯಿತು. ಚಿಗವ್ವ ಹೋಗಿ ಮೊಳ ಹಾಕಿ ಅಳೆದಳು. ಒಲೆ ಎಲ್ಲಿ, ಹಿಟ್ಟಿನ ಡಬ್ಬಿ ಎಲ್ಲಿ, ಬಂದವರು ಕೂರುವುದೆಲ್ಲಿ, ಎಲ್ಲ ಗೊತ್ತುಮಾಡಿದಳು. ರೊಟ್ಟಿ ಬೇಯಿಸುವ ದೊಡ್ಡ ಹಂಚೂ ಬಂತು. ಬೋರ್ಡಿನ ಬಣ್ಣಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಅವಳಿಗೆ ಗುಲಾಬಿ ಬೇಕು, ನನಗೆ ಕಡು ನೀಲಿಯ ಮೇಲೆ ಬಿಳಿ. ಅಕ್ಷರ ನಾನೇ ಬರೆದುಕೊಡುತ್ತೇನೆ, ಬಣ್ಣ ಬಳಿಯುವವರ ಕೈಗೆ ಮಾತ್ರ ಕೊಡಬೇಡ ಎಂದು ಆಣೆ ಹಾಕಿಸಿಕೊಂಡೆ. ದೀಪಾವಳಿ ಪಾಡ್ಯಕ್ಕೆ ಅಂಗಡಿ ಸುರು ಎಂದು ಮಾಲೀಕರಿಗೆ ಮಾತು ಕೊಟ್ಟು, ರೊಕ್ಕ ತೆಗೆಯಲು ಇಬ್ಬರೂ ಬ್ಯಾಂಕಿಗೆ ಹೋದೆವು. ಆಟೋದಲ್ಲಿ ಅವಳು ಹಾಡು ಗುನುಗುತ್ತಿದ್ದಳು.

ನಗುಮುಖದ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಕಂಪ್ಯೂಟರ್ ನೋಡಿ, ಐದು ವರ್ಷ ಮುಟ್ಟುವಂತಿಲ್ಲ ಎಂದರು. ಪ್ರತಿ ವರ್ಷ ಇಷ್ಟೇ ಕಟ್ಟಬೇಕು, ಈ ವರ್ಷದ್ದು ಬಾಕಿ ಇದೆ ಎಂದರು. ಖರ್ಚು ಅದು ಇದು ಕಳೆದು, ಷೇರು ಬಿದ್ದು, ಕಟ್ಟಿದ್ದರಲ್ಲೂ ಒಂದು ಪಾಲು ಕರಗಿದೆ ಎಂದರು. ಚಿಗವ್ವ ಕುರ್ಚಿಯ ತುದಿಗೆ ಬಂದಳು.

'ಕರಗಲಾಕ ಹ್ಯಾಂಗ ಸಾಧ್ಯ ರೀ? ತೊಗರಿ ಅಷ್ಟು ಏರ್ಯಾದಲ್ಲ!'

'ತೊಗರಿ?' ಎಂದರು ಅವರು.

ಆ ಕ್ಷಣಕ್ಕೆ ನನಗೆ ಎಲ್ಲವೂ ತಿಳಿಯಿತು. ಫೋನು, ಕಿಲಕಿಲ, ಗೊನೆಗೊನೆ ಬಾಳೆಹಣ್ಣು. ನನಗೆ ನಗು ಬಂತು. ಬಿಕ್ಕುವಷ್ಟು, ಪಕ್ಕೆ ಹಿಡಿಯುವಷ್ಟು ನಗು. ಹೆದರಿದಾಗ ನಗುವುದು ನನ್ನ ಹಾಳು ಹುಟ್ಟುಗುಣ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅದು ಷೇರಿನ ಬಜಾರ, ಗಂಜಿನದಲ್ಲ ಎಂದು ಬಿಡಿಸಿ ಹೇಳಲು ನೋಡಿದೆ. ಅವಳು ಒಪ್ಪಲಿಲ್ಲ. 'ತೊಗರಿ ಏರಿದ್ದು ಖರೇ, ನಡುವ ಇವ್ರೇ ನುಂಗ್ಯಾರ' ಎಂದಳು.

ಯಾರನ್ನು ಕೇಳೋಣ? ಬ್ಯಾಂಕಿನವರು, ನಾವು ಮಾರಿದ್ದಷ್ಟೇ, ವಿಮಾ ಕಂಪನಿಯವರನ್ನು ಕೇಳಿ ಎಂದರು. ಕಂಪನಿಯವರು, ನಮಗೆ ಬಂದದ್ದು ಫಾರ್ಮು ಮಾತ್ರ, ಬ್ಯಾಂಕಿನವರನ್ನು ಕೇಳಿ ಎಂದರು. ಜಗಳ ಜೋರಾದಾಗ ಇಬ್ಬರೂ ಒಂದಾಗಿ ಒಂದು ಪುಟದ ನಕಲು ಕಳಿಸಿದರು. ಅದರಲ್ಲಿ 'ಕನ್ನಡ' ಎಂಬ ನನ್ನ ದುಂಡನೆಯ ಅಕ್ಷರ, ಕೆಳಗೆ ನನ್ನ ಸಹಿ. ಇವರೇ ವಿವರಿಸಿದ್ದಾರಲ್ಲ, ಇನ್ನೇನು ಬೇಕು ಎಂದರು. ಆ ಅಕ್ಷರ ಎಷ್ಟು ಚಂದ ಇತ್ತೆಂದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸಿತು.

ವಿಮೆ ಕಂಪನಿಗಳ ಮೇಲಿನ ದೂರು ಕೇಳುವ ಕಚೇರಿಗೆ ಬರೆದೆ. ವಿವರಿಸಿದ್ದೇನೆ ಎಂದು ನಾನು ಸಹಿ ಹಾಕಿದ್ದು ಸುಳ್ಳು, ಓದದೆ ಹಾಕಿದೆ, ನನಗೇ ತಿಳಿದಿರಲಿಲ್ಲ ಎಂದು ಬರೆದೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಮ್ ಓದಿ ಬೆಚ್ಚಿದರು. 'ಸುಳ್ಳ ಸಹಿ ಅಂತ ನೀವೇ ಬರೆದುಕೊಡ್ತೀರೇನ್ರೀ? ನಾಳೆ ನೌಕರಿಗಿ ಏನರೆ ಬಂದ್ರ?' ಹೆದರಿಕೆ ನನಗೂ ಇತ್ತು. ಆದರೆ ಬೇರೆ ದಾರಿ ಇರಲಿಲ್ಲ, ನಾನು ಹೇಳಿದ್ದೇನೆ ಎಂದು ನಿಂತರೆ ಅಂಗಡಿ ಹೋದಂತೆಯೇ. ಚಿಗವ್ವನಿಗೆ ಇದನ್ನೆಲ್ಲ, ಗಣಿತದ ಮೇಡಮ್ ಹೇಳಿದ್ದನ್ನೂ ಸೇರಿಸಿ, ನಗುನಗುತ್ತಲೇ ಹೇಳಿದೆ. ಅವಳು ಕೇಳಿಸಿಕೊಂಡು ಫೋನು ಇಟ್ಟುಬಿಟ್ಟಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ಆಗಬೇಕಾದ್ದೇ.

ವಿಚಾರಣೆ ವಿಡಿಯೋ ಕರೆಯಲ್ಲಿ. ನನ್ನ ಊಟದ ಮೇಜಿನ ಮೇಲೆ ಕುಕ್ಕರಿಗೆ ಫೋನು ಆನಿಸಿ ಇಬ್ಬರೂ ಕೂತೆವು. ಚಿಗವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಆದರೆ ಪರದೆಯಲ್ಲಿ ಕಾಣುತ್ತಿದ್ದದ್ದು ಅವಳ ಹಣೆ ಮಾತ್ರ. 'ಅಮ್ಮಾ, ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ' ಎಂದರು ದೂರು ಕೇಳುವ ಅಧಿಕಾರಿ. ಅವಳು ಕುರ್ಚಿ ಸಮೇತ ಫ್ರಿಜ್ಜಿನ ತನಕ ಹಿಂದೆ ಹೋದಳು. ಇನ್ನೊಂದು ಚೌಕದಲ್ಲಿ ಟೈ ಕಟ್ಟಿಕೊಂಡ ಕಂಪನಿಯವರು.

ನಾನು, 'ಸರ್, ಆ ಸಹಿ ನನ್ನದೇ. ಆದರೆ ನಾನು ಏನನ್ನೂ ವಿವರಿಸಲಿಲ್ಲ' ಎಂದೆ.

ಟೈ ಕಟ್ಟಿದವರು, 'ಅಂದರೆ ಸುಳ್ಳು ಸಹಿ ಮಾಡಿದ್ದೀರಿ ಅಂತ ಒಪ್ಪಿಕೊಳ್ತೀರಾ? ಶಿಕ್ಷಕಿಯಾಗಿ?' ಎಂದರು.

ಹೌದು ಎನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಫ್ರಿಜ್ಜಿನ ಹತ್ತಿರದಿಂದ ಚಿಗವ್ವ ಕುರ್ಚಿ ಸಮೇತ ಧಾವಿಸಿ ಬಂದು ಫೋನನ್ನೇ ಕಿತ್ತುಕೊಂಡಳು.

'ಇಲ್ರೀ ಸಾಹೇಬ್ರ! ಆಕಿ ಮಾತು ಕೇಳಬ್ಯಾಡ್ರಿ. ಆಕಿ ಎಲ್ಲಾ ಬಿಡಿಸಿ ಬಿಡಿಸಿ ಹೇಳ್ಯಾಳ. ನನಗ ಎಲ್ಲಾ ತಿಳಿದದ. ತಪ್ಪು ನಂದೇ ಅದ ರೀ!'

ಸತ್ತೆವು ಎಂದುಕೊಂಡೆ. ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈಗೆ ಪಟ್ಟನೆ ಹೊಡೆದಳು. ಟೈ ಕಟ್ಟಿದವರು, 'ಸರ್, ಇದನ್ನು ದಯವಿಟ್ಟು ಬರೆದುಕೊಳ್ಳಿ' ಎಂದು ಮುಗುಳ್ನಕ್ಕರು.

'ಬರ್ಕೊಳ್ತೀನಿ' ಎಂದರು ಅಧಿಕಾರಿ. 'ಅಮ್ಮಾ, ಅವರು ಏನು ಬಿಡಿಸಿ ಹೇಳಿದರು? ನಿಮಗೆ ತಿಳಿದದ್ದನ್ನು ಹೇಳಿ ನೋಡೋಣ.'

ಚಿಗವ್ವ ಸೆರಗು ಸರಿಮಾಡಿಕೊಂಡಳು. ಪರೀಕ್ಷೆಗೆ ಓದಿಕೊಂಡು ಬಂದವಳಂತೆ ಶುರುಮಾಡಿದಳು. 'ನನ್ನ ರೊಕ್ಕ ಬಜಾರಕ್ಕ ಗಂಟು ಹಾಕ್ಯಾರ ರೀ. ನೆಟಿ ರೋಗ ಬಂದು ತೊಗರಿ ಕಡಿಮಿ ಬಂತು ಅನ್ರಿ, ಬಜಾರ ಏರ್ತದ, ನನ್ನ ರೊಕ್ಕನೂ ಏರ್ತದ. ಹೊರದೇಶದ ತೊಗರಿ ಬಂದು ಬಿತ್ತು ಅನ್ರಿ, ಇಳೀತದ.'

'ಐದು ವರ್ಷ ತೆಗೆಯೋ ಹಾಗಿಲ್ಲ ಅಂತ ಹೇಳಿದ್ರಾ?'

'ಐದು ವರ್ಷ ತೊಗರಿ ಯಾರ್ ಇಡ್ತಾರ್ರೀ ಸಾಹೇಬ್ರ? ಹುಳ ಹಿಡದು ಹೋಗ್ತದ!'

ಅಧಿಕಾರಿ ಕನ್ನಡಕ ತೆಗೆದು, ತಲೆ ತಗ್ಗಿಸಿ, ಬಹಳ ಹೊತ್ತು ಒರೆಸಿಕೊಂಡರು. ಅವರ ಭುಜ ಅಲುಗುತ್ತಿತ್ತು. ತಲೆ ಎತ್ತಿದಾಗ ನಗು ಇರಲಿಲ್ಲ. ಟೈ ಕಟ್ಟಿದವರನ್ನು ಕೇಳಿದರು. 'ಇವರಿಬ್ಬರೂ ತಪ್ಪು ನಂದು, ತಪ್ಪು ನಂದು ಅಂತಿದ್ದಾರೆ. ಮಾರಿದವರು ನೀವು. ನಿಮ್ಮ ಕಡೆಯಿಂದ ಇವರಿಗೆ ವಿವರಿಸಿದವರು ಯಾರು?' ಟೈ ಕಟ್ಟಿದವರು ಮುಂದಿದ್ದ ಕಾಗದ ತಿರುವಿದರು, ಮತ್ತೆ ತಿರುವಿದರು.

ಕೆಲವು ವಾರಗಳ ನಂತರ ಆದೇಶ ಬಂತು. ಕಟ್ಟಿದ್ದಷ್ಟನ್ನೂ ಹಿಂತಿರುಗಿಸಬೇಕು. ವಿವರಿಸಿದೆನೆಂದು ಸಹಿ ಹಾಕಿದವರು ಓದದೆ ಹಾಕಿದ್ದು ಸರಿಯಲ್ಲ ಎಂಬ ಒಂದು ಸಾಲೂ ಅದರಲ್ಲಿತ್ತು. ನ್ಯಾಯವಾದ ಸಾಲು, ಅದರಲ್ಲಿ ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ. ಬಸ್ ನಿಲ್ದಾಣದ ಮಳಿಗೆ ಅಷ್ಟರಲ್ಲಿ ಮೊಬೈಲ್ ರಿಪೇರಿಯವರ ಪಾಲಾಗಿತ್ತು. ಅಲ್ಲಿಂದ ಸ್ವಲ್ಪ ಮುಂದೆ ಇನ್ನೊಂದು ಸಿಕ್ಕಿತು. ಬೋರ್ಡು ಗುಲಾಬಿ.

ಆದರೆ ಅವತ್ತು, ಕರೆ ಮುಗಿದ ಕೂಡಲೇ, ಇದ್ಯಾವುದೂ ಚಿಗವ್ವನಿಗೆ ಗೊತ್ತಿರಲಿಲ್ಲ. ತಪ್ಪು ತನ್ನದೆಂದು ಒಪ್ಪಿದ ಮೇಲೆ ರೊಕ್ಕ ಮುಳುಗಿತೆಂದೇ ಅವಳ ಎಣಿಕೆ. ಆದರೂ ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನನ್ನ ಅಡುಗೆಮನೆಯಲ್ಲಿ ಕುಣಿಯುವುದೊಂದು ಬಾಕಿ.

'ಹ್ಯಾಂಗ ಉಳಿಸಿದ್ನಿ ನೋಡು!'

'ಏನ್ ಉಳಿಸಿದಿ ಚಿಗವ್ವ?'

'ನಿನ್ನ ನೌಕರಿ! ಸುಳ್ಳ ಸಹಿ ಅಂತ ನಿನ್ನ ಬಾಯಾಗ ಬಂದಿದ್ರ ಬಿಡ್ತಿದ್ರೇನು ಅವ್ರು? ಬಸ್ಸಿನಾಗೇ ಠರಾವು ಮಾಡ್ಕೊಂಡು ಬಂದಿದ್ನಿ.'

'ಅಂಗಡಿ?'

'ಅಂಗಡಿ ಹೋದ್ರ ಹೋಗ್ಲಿ ಅತ್ಲಾಗ. ತಾಡಪತ್ರಿ ಅದಲ್ಲ' ಎಂದು ನಕ್ಕಳು. ಒಳ್ಳೆ ಮದುವೆ ಮನೆಯಲ್ಲಿದ್ದವಳ ನಗು.

ನಾನು ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟೆ. ಅವಳ ಗಂಟು ಕಳೆದವಳು ನಾನು, ಅವಳು ನನ್ನ ಬೆನ್ನು ಸವರುತ್ತಿದ್ದಳು. 'ಏ ಹುಚ್ಚಿ, ಅಳಬ್ಯಾಡ. ಯಾರೂ ನಿನಗ ಏನೂ ಮಾಡಂಗಿಲ್ಲ. ನಾ ಹೇಳೀನಲ್ಲ ಸಾಹೇಬ್ರಿಗೆ.'