ಅಕ್ಕನ ಕಂಪ್ಯೂಟರಿನ ಅಳತೆ

ಹಳೆಯ ಪ್ರೊಸೆಸರೇ ಸಾಕು ಎಂದವರು ಯಾರು? ನಾನು, ಅಕ್ಕ, ಸವಣೂರಿನ ಸ್ಟುಡಿಯೋದವರು. ಮೂವರೂ ಹಾಗೆ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ತೊಂದರೆ ಇರುವುದೇ ಅಲ್ಲಿ: ಮೊದಲು ಹೇಳಿದವರು ಯಾರೆಂದು ಗೊತ್ತಿಲ್ಲ.

ಅಕ್ಕ ಶಿಗ್ಗಾವಿಯಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದಳು. ವರ್ಷಗಟ್ಟಲೆ ಹೊಲಿಗೆ ಮಷಿನ್ ತುಳಿದು ಸೊಂಟ ಹೋಯಿತು. ಇನ್ನು ತುಳಿಯಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಬಟ್ಟೆಗೆ ಗುರುತು ಹಾಕುವುದನ್ನು, ಕತ್ತರಿಸುವುದನ್ನು ಫೋನಿನಲ್ಲಿ ಚಿತ್ರೀಕರಿಸಿ ಪಾಠ ಕಳಿಸತೊಡಗಿದಳು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಕಲಿಯಲು ಸೇರಿಕೊಂಡರು. ಆದರೆ ಉದ್ದನೆಯ ಪಾಠವನ್ನು ಫೋನಿನಲ್ಲೇ ಎಡಿಟ್ ಮಾಡಲು ಹೋದರೆ ಫೋನು ಕಾದು ನಿಂತುಬಿಡುತ್ತಿತ್ತು. ಪಾಠ ನಿಂತರೆ ಅವಳು ಮತ್ತೆ ಮಷಿನ್ನಿಗೆ ಕೂರಬೇಕು. ಕೂತರೆ ಸೊಂಟ ಉಳಿಯುವುದಿಲ್ಲ. ಹೀಗೆ ವಿಡಿಯೊ ಎಡಿಟಿಂಗಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ಹಾನಗಲ್ಲಿನಲ್ಲಿರುವ ನನ್ನ ತಲೆಗೆ ಬಂತು. ನಾನು ಎಂ.ಎ. ಮಾಡಿದವನು ಎಂಬುದೇ ಕಾರಣ. ಅದು ಇತಿಹಾಸದಲ್ಲಿ ಎಂಬುದನ್ನು ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ.

ತಿಂಗಳಿಡೀ ಓದಿದೆ. ಪ್ರೊಸೆಸರ್ ಮುಖ್ಯ ಎಂದು ಒಬ್ಬ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎಲ್ಲ ದಂಡ ಎಂದು ಇನ್ನೊಬ್ಬ. ಎರಡನ್ನೂ ಬಿಟ್ಟು ಮೊದಲು ರ‍್ಯಾಮ್ ಹಾಕಿಸು ಎಂದವನ ಮಾತು ನನಗೆ ಬಹಳ ಹಿಡಿಸಿತು, ಮರುದಿನದವರೆಗೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಒಂದೇ: ಯಾರೇ ಏನು ಹೇಳಲಿ, ಇವನಿಗೆ ಹೇಗೆ ಗೊತ್ತು, ಇದರಿಂದ ಇವನಿಗೇನು ಲಾಭ ಎಂದು ಕೇಳುವುದು. ಆಡೂರಿನ ಶಾಸನದ ಬಗ್ಗೆ ಓದುವಾಗಲೂ ನಾನು ಇಷ್ಟು ಗೊಂದಲಕ್ಕೆ ಬಿದ್ದಿರಲಿಲ್ಲ. ಪಟ್ಟಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.

"ಇನ್ನೂ ಆಗ್ಲಿಲ್ಲೇನೋ?" ಎಂದಳು ಅಕ್ಕ ಫೋನಿನಲ್ಲಿ.

"ನೋಡಾಕತ್ತೇನಿ ಅಕ್ಕಾ. ಒಬ್ಬಾಂವ ಹಿಂಗಂತಾನ, ಇನ್ನೊಬ್ಬಾಂವ ಹಂಗಂತಾನ."

"ನಿನ್ನ ಲಗ್ನಕ್ಕ ಹೆಣ್ಣು ನೋಡಿದ್ದೂ ಹಿಂಗ. ಕಡೀಕ ಹೆಣ್ಣ ಆರಿಸಿದಾಂವ ಅಪ್ಪ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ನಾ ಎಂದಾರ ಯಾರ ಮೈಗಾರ ಟೇಪ್ ಹಿಡದೇನೇನು? ಮೈಮ್ಯಾಗ ಛಲೋ ಕುಂದ್ರೋ ಒಂದು ಅಳತಿ ಜಂಪರ್ ತರ್ರಿ ಅಂತೇನಿ, ಅದನ್ನ ಇಟ್ಟ ಕತ್ತರಸ್ತೇನಿ. ನೀನೂ ಹಂಗ ಮಾಡು. ಛಲೋ ನಡಿಯೋದು ಯಾರ ಕಡೆ ಐತಿ, ಅದರ ಅಳತಿ ತಗೊಂಬಾ."

ಇಬ್ಬರೂ ಸವಣೂರಿಗೆ ಹೋದೆವು. ಅಲ್ಲಿ ಮದುವೆ ವಿಡಿಯೊ ಮಾಡುವ ಒಬ್ಬರ ಸ್ಟುಡಿಯೋ ಇತ್ತು. ಅವರ ಮನೆಯ ಹೆಂಗಸರ ಬಟ್ಟೆಯನ್ನೆಲ್ಲ ಅಕ್ಕನೇ ಹೊಲಿದವಳು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದು ಅವರು ಚಹಾ ಹೇಳಿ, ತಮ್ಮ ಕಂಪ್ಯೂಟರಿನ ಪಕ್ಕದ ತಗಡನ್ನೇ ಬಿಚ್ಚಿ ತೋರಿಸಿದರು. "ಆರು ವರ್ಷ ಆತು. ಲಗ್ನದ ಸೀಸನ್‌ನ್ಯಾಗ ನಾ ಮಕ್ಕೊಂಡೇನಿ, ಇದು ಮಕ್ಕೊಂಡಿಲ್ಲ."

"ಆದ್ರ ಹಳೇದಾತಲ್ರೀ ಭಾಯ್?" ಎಂದೆ.

"ಸರ, ನಾನೂ ಹಳೇಂವನ. ಹಂಗಂತ ಲಗ್ನಕ್ಕ ಬ್ಯಾರೇದಾಂವನ್ನ ಕರೀತೀರೇನು?"

ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ಒಂದೊಂದೇ ಭಾಗದ ಹೆಸರು, ನಂಬರು ಬರೆದುಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅಕ್ಕನಿಗೆ, "ಅವರದು ದೊಡ್ಡ ಕ್ಯಾಮೆರಾದ ವಿಡಿಯೊ, ನಿಂದು ಫೋನಿಂದು, ಎರಡೂ ಒಂದಽ ಇರಲಿಕ್ಕಿಲ್ಲ" ಎಂದು ಎಚ್ಚರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸವಣೂರು ಬಿಟ್ಟದ್ದೇ ನಾನು ನಿದ್ದೆ ಹೋಗಿದ್ದೆ ಎನ್ನುತ್ತಾಳೆ ಅಕ್ಕ.

ಅದೇ ನಂಬರಿನ ಪ್ರೊಸೆಸರ್ ಸಿಕ್ಕಿದ್ದು ಹಿರೇಕೆರೂರಿನ ಒಂದು ಅಂಗಡಿಯಲ್ಲಿ. "ಇದರದು ಒಂದಽ ಉಳದೈತ್ರಿ. ನನ್ನ ಕೇಳಿದ್ರ ಹೊಸಾದು ಒಯ್ರಿ" ಎಂದರು ಅಂಗಡಿಯವರು. ಹೊಸದರಿಂದ ಇವರಿಗೇನು ಲಾಭ ಎಂದು ಯೋಚಿಸಿದೆ. ಹಳೆಯದನ್ನೇ ತಂದೆ. ಅವರು ಹಾಗೆನ್ನುವಾಗ ಫೋನಿನ ವಿಡಿಯೊದ ಮಾತೂ ತೆಗೆದಿದ್ದರೇ? ಒಮ್ಮೊಮ್ಮೆ ಹೌದೆನಿಸುತ್ತದೆ.

ಶಿಗ್ಗಾವಿಯಲ್ಲಿ ಎಲ್ಲ ಜೋಡಿಸಿ ಅಕ್ಕನ ಪಾಠ ಹಾಕಿದೆವು. ಪರದೆಯ ಮೇಲೆ ಕತ್ತರಿ ಎತ್ತಿದ ಅವಳ ಕೈ ಅಲ್ಲೇ ನಿಂತಿತು. ಮರುಕ್ಷಣ ನೋಡಿದರೆ ಬಟ್ಟೆ ಎರಡಾಗಿತ್ತು. ಕಲಿಯುವವರು ನೋಡಬೇಕಾದದ್ದೇ ನಡುವೆ ಮಾಯವಾಗಿತ್ತು. ಮತ್ತೆ ಹಾಕಿದೆವು, ಮತ್ತೆ ಹಾಗೆಯೇ.

"ಮಂದೀದು ಅಳತಿ ಜಂಪರ್ ತಂದ್ವಿ ನಾವು" ಎಂದಳು ಅಕ್ಕ. ನನ್ನನ್ನು ಬಯ್ಯಲಿಲ್ಲ. ಎದ್ದು ಹೋಗಿ ಪಕ್ಕದ ಮನೆಯವರಿಂದ ಎರಡು ಜಂಪರಿನ ಬಟ್ಟೆ ಇಸಿದುಕೊಂಡು ಬಂದಳು, ಹೊಲಿಯಲಿಕ್ಕೆ.

ಆ ಸಂಜೆ ಅವಳೇ ಸವಣೂರಿಗೆ ಫೋನ್ ಮಾಡಿದಳು. "ಅಕ್ಕಾರ, ಹೊಸಾ ಫೋನು ವಿಡಿಯೊನ ಹೊಸಾ ನಮೂನಿ ಒತ್ತಿ ಗಂಟು ಕಟ್ಟತಾವ. ಆ ಗಂಟು ಬಿಚ್ಚೂದು ಹಳೇ ಪ್ರೊಸೆಸರಿಗೆ ಬರಂಗಿಲ್ಲ. ಕ್ಯಾಮೆರಾದ ಸೆಟ್ಟಿಂಗ್‌ನ್ಯಾಗ ಹಳೇ ನಮೂನಿ ಇಟ್ಟು ನೋಡ್ರಿ" ಎಂದರಂತೆ ಸ್ಟುಡಿಯೋದವರು. ಆ ಸೆಟ್ಟಿಂಗ್ ಹುಡುಕಿದ್ದು ನಾನೇ ಎಂದು ಬಹಳ ದಿನ ನಂಬಿದ್ದೆ. ಅಕ್ಕನ ಫೋನಿನಲ್ಲಿ ಕರೆ ಹೋದ ಗುರುತಿದೆ. ಸೆಟ್ಟಿಂಗ್ ಒತ್ತಿದ ಬೆರಳು ಮಾತ್ರ ನನ್ನದಿರಬಹುದು.

ಹೊಸದಾಗಿ ಚಿತ್ರೀಕರಿಸಿದ ತುಣುಕು ಎಲ್ಲೂ ನಿಲ್ಲದೆ ಓಡಿತು. ಅಕ್ಕ ಎರಡು ಸಲ ನೋಡಿ, ಆ ಜಂಪರಿನ ಬಟ್ಟೆಗಳನ್ನು ಪಕ್ಕದ ಮನೆಗೆ ಮರಳಿಸಿ ಬಂದಳು.

ಎರಡು ವಾರಕ್ಕೆ ಅವಳ ಫೋನು ಬಂತು. ಕಂಪ್ಯೂಟರಿನ ಮುಂದೆ ಕೂತು ಕೂತು ಸೊಂಟ ಮತ್ತೆ ಹಿಡಿದಿತ್ತು. ನನ್ನ ಪಟ್ಟಿಯಲ್ಲಿ ಕ್ಯಾಬಿನೆಟ್ಟಿನ ಫ್ಯಾನಿಗೂ ಜಾಗವಿತ್ತು, ಕೂರುವವಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ.

ಮುಂದಿನ ಭಾನುವಾರ ಶಿಗ್ಗಾವಿಗೆ ಹೋದರೆ ಮಾನಿಟರು, ಕೀಬೋರ್ಡು ಎಲ್ಲ ಬಟ್ಟೆ ಕತ್ತರಿಸುವ ಎತ್ತರದ ಮೇಜಿನ ಮೇಲೆ ಏರಿದ್ದವು. ಅಕ್ಕ ಒಂದು ಕಾಲನ್ನು ಮಣೆಯ ಮೇಲಿಟ್ಟು ನಿಂತೇ ಎಡಿಟ್ ಮಾಡುತ್ತಿದ್ದಳು.

"ಸೊಂಟ?" ಎಂದೆ.

"ನಿಂತ್ರ ನೋಯಂಗಿಲ್ಲ. ನೀನಽ ಹೇಳಿದ್ದಿ ಅಲ್ಲೇನು, ಮ್ಯಾಲ ಏರಸು ಅಂತ."

ನಾನು ಹೇಳಿರಲಾರೆ. ಆದರೆ ಇಲ್ಲವೆನ್ನಲು ನನ್ನ ಬಳಿ ಪುರಾವೆಯೂ ಇರಲಿಲ್ಲ.

"ಸುಮ್ನ ನಿಂತು ಇದನ್ನ ನೋಡು" ಎಂದು ಅವಳು ತೋಳು ಕತ್ತರಿಸುವ ಪಾಠ ಹಾಕಿದಳು. "ತಿಳೀತೇನು?"

ಪಾಠ ಎಲ್ಲೂ ನಿಲ್ಲದೆ ಓಡಿತ್ತು, ನನಗೇ ತಿಳಿಯಲಿಲ್ಲ. "ಇನ್ನೊಮ್ಮೆ ಹಾಕು ಅಕ್ಕಾ" ಎಂದೆ.