ಗುಡಿಸಲು ಮುಕ್ತ ಊರಿನಲ್ಲಿ ಗುಡಿಸಲಿಗೇ ಡಿಮ್ಯಾಂಡು

‘ತಮಾ, ಅಂಗಳದಲ್ಲಿ ಗುಡಿಸಲು ಕಟ್ಟೂದು ಅಪರಾಧವೇನೋ?’

ಕಳೆದ ವಾರ ಬೆಳ್ಳಂಬೆಳಿಗ್ಗೆ ಸುಮಿತ್ರಕ್ಕ ಫೋನಿನಲ್ಲಿ ಕೇಳಿದ್ದು ಇದನ್ನೇ. ಅವಳು ನನ್ನ ಸೋದರತ್ತೆಯ ಮಗಳು. ಅಂಕೋಲೆ ಕಡೆಯ ಒಂದು ಕಡಲ ಕೇರಿಯಲ್ಲಿ ಮನೆ. (ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.) ಭಾವ ಬೋಟಿಗೆ ಹೋಗುತ್ತಾನೆ, ಇವಳು ಮೀನು ಮಾರುತ್ತಾಳೆ. ಇಂಥವಳ ಬಾಯಲ್ಲಿ ಅಪರಾಧದ ಮಾತೇ? ಕಾರವಾರದಿಂದ ಸಿಕ್ಕ ಬಸ್ಸು ಹತ್ತಿದೆ. ಅಮದಳ್ಳಿ ದಾಟಿದರೂ ತಲೆಯಲ್ಲಿ ಅದೇ ಗುಂಗು.

ಎಲ್ಲ ಶುರುವಾದದ್ದು ಒಂದು ರೂಮಿನಿಂದ. ಸುಮಿತ್ರಕ್ಕ ಹುಟ್ಟಿ ಬೆಳೆದದ್ದು ಮಡ್ಲಿನ ಮನೆಯಲ್ಲಿ, ಅಂದರೆ ಹೆಣೆದ ತೆಂಗಿನ ಗರಿಯ ಮಾಡಿನ ಕೆಳಗೆ. ಮಳೆಗಾಲವಿಡೀ ಸೋರುವಲ್ಲೆಲ್ಲ ಪಾತ್ರೆ ಇಟ್ಟೇ ಮಲಗಿದವಳು. ಹಾಗಾಗಿ ಟೂರಿಸ್ಟರು ಬರತೊಡಗಿದಾಗ ಅವರಿಗೆಂದು ಮನೆಯ ಪಕ್ಕ ಸ್ಲ್ಯಾಬಿನ ರೂಮು ಕಟ್ಟಿಸಿದಳು. ಟೈಲ್ಸು, ಫ್ಯಾನು, ಅಟ್ಯಾಚ್ಡ್ ಬಾತ್‌ರೂಮು. ಗೋಡೆಗೆ ಗುಲಾಬಿ ಬಣ್ಣ.

ಮೊದಲು ಬಂದದ್ದು ಟೆಂಪೋ ತುಂಬ ಹುಬ್ಬಳ್ಳಿಯ ಒಂದು ಕುಟುಂಬ. ರೂಮು ನೋಡಿ ಮೆಚ್ಚಿದರು. ಚೀಲಗಳನ್ನೆಲ್ಲ ಅದರೊಳಗಿಟ್ಟು ಬೀಗ ಹಾಕಿದರು. ತಾವು ಜಗುಲಿಯಲ್ಲಿ ಸ್ಟೋವ್ ಹಚ್ಚಿ ಅಡುಗೆ ಮಾಡಿ, ಜಮಖಾನ ಹಾಸಿ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಸಾಲಾಗಿ ಮಲಗಿದರು. ‘ಎಲ್ಲಾರೂ ಕೂಡಿ ಮಲಗಿದ್ರನ ಟ್ರಿಪ್ ಆಗೂದ್ರಿ’ ಎಂದರಂತೆ.

ಆಮೇಲೆ ಬೆಂಗಳೂರಿನ ಹುಡುಗರು. ಅವರದೇ ಟೆಂಟು. ಪ್ರಕೃತಿಯ ಮಡಿಲಲ್ಲೇ ಮಲಗಬೇಕಂತೆ. ಆದರೆ ಪ್ರಕೃತಿಯಲ್ಲಿ ಚಾರ್ಜಿಂಗ್ ಪಾಯಿಂಟ್ ಇಲ್ಲವಲ್ಲ? ಹಾಗಾಗಿ ಅವರು ಮರಳಿನಲ್ಲಿ ಮಲಗಿದರು, ಅವರ ಮೊಬೈಲುಗಳು ರೂಮಿನಲ್ಲಿ ಮಲಗಿದವು. (ಅವಕ್ಕೆ ಫ್ಯಾನ್ ಹಾಕಿದ್ದರೋ ಇಲ್ಲವೋ ತಿಳಿಯದು.)

ಕೊನೆಗೆ ಗೋಕರ್ಣದ ಗದ್ದಲ ಸಾಕೆಂದು ಒಂದು ಫಾರಿನ್ ಜೋಡಿ ಬಂತು. ರೂಮಿನತ್ತ ತಿರುಗಿಯೂ ನೋಡಲಿಲ್ಲ. ಹಿತ್ತಲಾಚೆ ಇರುವ ನಾಗಮ್ಮನ ಗುಡಿಸಲಿಗೆ ಕೈ ತೋರಿಸಿ, ‘ದಟ್ ಒನ್’ ಎಂದರು.

ನಾಗಮ್ಮ ಒಣಮೀನು ಮಾರುವ ಒಂಟಿ ಹೆಂಗಸು. ಸರ್ಕಾರದ ಮನೆಗಾಗಿ ಪಂಚಾಯ್ತಿಗೆ ಓಡಾಡಿ ಚಪ್ಪಲಿ ಸವೆಸಿದವಳು. ಈಗಲೂ ಮಾಡಿಗೆ ಪ್ಲಾಸ್ಟಿಕ್ ಹೊದೆಸಿಯೇ ಮಳೆಗಾಲ ಕಳೆಯುತ್ತಾಳೆ. ‘ಇವ್ರಿಗೆ ಮಳ್ಳು ಹಿಡ್ದದ್ಯೇನೆ, ಸುಮಿತ್ರಾ?’ ಎಂದು ನಕ್ಕಳಂತೆ. ಅಕ್ಕನಿಗೆ ನಗು ಬರಲಿಲ್ಲ. ಆ ಗುಲಾಬಿ ರೂಮಿನ ಬಾಗಿಲಲ್ಲಿ ಕೂತು ಅತ್ತೇಬಿಟ್ಟಳು.

ಆದರೆ ಮೀನು ಮಾರುವವಳಿಗೆ ಗಿರಾಕಿಯ ಮನಸ್ಸು ತಿಳಿಯದೇ? ಬಂಗಡೆ ಕೇಳಿದವನಿಗೆ ಇಸ್ವಣ ತೋರಿಸುತ್ತ ಕೂರುವ ಪೈಕಿ ಅಲ್ಲ ಅವಳು. ಕಣ್ಣೊರೆಸಿಕೊಂಡು, ಮಂಜಗುಣಿಯಿಂದ ಮಡ್ಲು ತರಿಸಿ, ಅಂಗಳದಲ್ಲಿ ಹೊಸ ಗುಡಿಸಲು ಎಬ್ಬಿಸಿದಳು. ಟೂರಿಸ್ಟರು ಬಂದರು. ಅವರ ಹಿಂದೆಯೇ ಪಂಚಾಯ್ತಿ ಮೆಂಬರೂ ಬಂದ.

‘ಅಕ್ಕಾ, ಇದನ್ನ ಈಗ್ಲೇ ಕಿತ್ತಾಕು. ನಮ್ಮೂರಲ್ಲಿ ಒಂದೂ ಗುಡಿಸಲಿಲ್ಲ ಅಂತ ಸರ್ಕಾರಕ್ಕೆ ಬರ್ದು ಕಳ್ಸಾಯ್ತು. ಇವತ್ತು ಅದನ್ನ ನೋಡೂಕೆ ತಾಲೂಕಿಂದ ಸಾಹೇಬ್ರು ಬರ್ತಾರೆ.’

‘ಹಂಗಾರೆ ನಾಗಮ್ಮಂದು ಎಂತದು?’

‘ಅದಕ್ಕೆ ಏನಾದ್ರೂ ಹೇಳ್ವಾ.’

ಅಕ್ಕ ನನಗೆ ಫೋನ್ ಮಾಡಿದ್ದು ಆಗಲೇ. ನಾನು ತಲುಪುವಾಗ ಗುಡಿಸಲು ಇನ್ನೂ ನಿಂತಿತ್ತು, ಸಾಹೇಬರ ಜೀಪೂ ಬಂದು ನಿಂತಿತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ. ನಾಗಮ್ಮ ಒಗೆದ ಸೀರೆ ಉಟ್ಟು ತನ್ನ ಬಾಗಿಲಲ್ಲಿ ನಿಂತಿದ್ದಳು. ‘ಕಣ್ಣಾರೆ ನೋಡಿದ್ಮೇಲೆ ಮನೆ ಕೊಡದೇ ಇರ್ತಾರ್ಯಾ, ತಮಾ?’ ಎಂದಳು. ನನಗೂ ಹಾಗೇ ಅನಿಸಿತು. (ಪೇಪರಿಗೆ ಬರೆಯುವವರಿಗೆ ಇಂಥ ಭ್ರಮೆಗಳು ಜಾಸ್ತಿ.)

ಸಾಹೇಬರು ಅಕ್ಕನ ಗುಡಿಸಲೊಳಗೆ ಬಗ್ಗಿ ಹೋದರು. ಬೂಟು ಬಿಚ್ಚಿದರು. ಮಂಚದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟರು.

‘ಆಹಾ! ಎಂಥ ತಂಪು! ಏಸಿ ರೂಮಿನಲ್ಲೂ ಈ ಸುಖ ಇಲ್ಲ ನೋಡ್ರೀ. ಕಾಟೇಜ್ ತುಂಬ ಚೆನ್ನಾಗಿದೆ, ಅಮ್ಮಾ.’

ಮೆಂಬರನ ಮುಖ ಅರಳಿತು. ಕಾಟೇಜಿದ್ದರೆ ಗುಡಿಸಲಿದ್ದ ಹಾಗಾಗುತ್ತದೆಯೇ? ಬೆಳಿಗ್ಗೆ ಕಿತ್ತುಹಾಕು ಎಂದವನೇ ಈಗ ಸಾಹೇಬರಿಗೆ ಎಳನೀರು ಕೆತ್ತಿಸಲು ಓಡಿದ.

ಎಳನೀರು ಕುಡಿಯುತ್ತ ಸಾಹೇಬರು ಹಿತ್ತಲಾಚೆ ನೋಡಿದರು. ‘ಅದು ಯಾರದ್ದು?’

‘ಅದೂ ಟೂರಿಸ್ಟರಿಗೇ ಸಾರ್,’ ಎಂದ ಮೆಂಬರ್. ‘ಆ ಹೆಂಗಸು ನೋಡ್ಕಣೂಕೆ ಇರೂದು.’

ನಾನು ನಡುವೆ ಬಾಯಿ ಹಾಕಿದೆ. ‘ಇಲ್ಲ ಸಾರ್, ಅದು ಆಕೆಯ ಮನೆ. ಹತ್ತಾರು ವರ್ಷಗಳಿಂದ ಅದರಲ್ಲೇ ಇದ್ದಾಳೆ,’ ಎಂದೆ.

ಸಾಹೇಬರು ಇನ್ನೊಮ್ಮೆ ಗಮನವಿಟ್ಟು ನೋಡಿದರು. ಹರಿದ ಪ್ಲಾಸ್ಟಿಕ್ಕು, ಹೊಗೆ ಹಿಡಿದು ಕಪ್ಪಾದ ಮಾಡು, ಬಾಗಿಲಲ್ಲಿ ಕೈ ಮುಗಿದು ನಿಂತ ನಾಗಮ್ಮ.

‘ಅದಕ್ಕೇ ಅಷ್ಟು ನ್ಯಾಚುರಲ್ ಆಗಿದೆ,’ ಎಂದರು.

ನಾಗಮ್ಮನಿಗೆ ಮನೆ ಬರಲಿಲ್ಲ, ಬುಕಿಂಗ್ ಬಂತು. ಕ್ರಿಸ್‌ಮಸ್ ರಜೆಗೆ ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಬರುತ್ತಾರಂತೆ, ಅವರಿಗೆ ಅದೇ ಗುಡಿಸಲು ಬೇಕಂತೆ. ನಾನು ಬಸ್ಸಿಗೆ ಹೊರಟಾಗ ನಾಗಮ್ಮ ಒಂದು ಮಾತು ಕೇಳಿದಳು. ಉತ್ತರ ಗೊತ್ತಿದ್ದರೆ ನೀವೇ ಹೇಳಿ.

‘ಅವ್ರು ನನ್ನ ಗುಡಿಸಲಲ್ಲಿ ಮಲಗಿದ್ರೆ, ಗುಡಿಸಲೇ ಇಲ್ದೇ ಇದ್ದ ಊರಲ್ಲಿ ನಾ ಎಲ್ಲಿ ಮಲಗೂದು, ತಮಾ?’